ಕಾಯುವುದಕ್ಕೆ 'ಫಾರ್' ಯಾಕೆ ಬೇಕು, ಮೇಷ್ಟ್ರೇ?

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ 'ವೇಟ್' ಪದದ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅದು ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಬಂದ ಪತ್ರ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಕಾಯುವುದು, ಇರುವುದು, ಉಳಿಯುವುದರ ಸುತ್ತಲೇ ಇವೆ. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಈ ಸಲ ಇವನ್ನೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ತುಂಬಾ ಜನ ಕೇಳಿದ್ದರಿಂದ ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಾನು ಗೋಡೌನ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಾಹೇಬರು ಬರುವುದು ತಡವಾಯಿತು ಅಂತ 'ಐ ಆಮ್ ವೇಟಿಂಗ್ ಯು ಸಿನ್ಸ್ ಮಾರ್ನಿಂಗ್ ಸರ್' ಎಂದು ಮೆಸೇಜ್ ಹಾಕಿದೆ. ಅವರು ಅದನ್ನು ಗ್ರೂಪಿಗೆ ಹಾಕಿ ನಗುವ ಗೊಂಬೆ ಅಂಟಿಸಿದರು. ತಪ್ಪು ಎಲ್ಲಿದೆ? ಅರ್ಥ ಆಗುತ್ತಲ್ವಾ?
— ಹಾವೇರಿ

ಉತ್ತರ: ಅರ್ಥ ಆಗುತ್ತೆ. ಅರ್ಥ ಆಗಿದ್ದಕ್ಕೇ ಅವರು ನಕ್ಕಿದ್ದು. ಬೇಜಾರು ಮಾಡಿಕೊಳ್ಳಬೇಡಿ, ಮೊದಲನೇ ಇಂಟರ್‌ವ್ಯೂಗೆ ಹೋದಾಗ ನಾನೂ ಇದೇ ವಾಕ್ಯವನ್ನು ಹೆಚ್ಚುಕಮ್ಮಿ ಹೀಗೇ ಹೇಳಿದ್ದೆ. ಆಗ ಗ್ರೂಪ್ ಇರಲಿಲ್ಲ, ಹಾಗಾಗಿ ಬದುಕಿದೆ.

ನಿಮ್ಮ ವಾಕ್ಯದಲ್ಲಿ ಎರಡು ಕಡೆ ಕನ್ನಡ ಇಣುಕಿದೆ. ಮೊದಲನೆಯದು 'ನಿಮ್ಮನ್ನು ಕಾಯ್ತಾ ಇದ್ದೀನಿ'. ನಮ್ಮ 'ಕಾಯು' ಎದುರಿಗಿರುವವರನ್ನು ನೇರವಾಗಿ ಹಿಡಿದುಕೊಳ್ಳುತ್ತದೆ. ದನ ಕಾಯುತ್ತೇವೆ, ಗದ್ದೆ ಕಾಯುತ್ತೇವೆ, ಊರಿಗೆ ಹೋದವರ ಮನೆ ಕಾಯುತ್ತೇವೆ, ಸಾಹೇಬರನ್ನೂ ಕಾಯುತ್ತೇವೆ. ಎಲ್ಲಕ್ಕೂ ಒಂದೇ ಮಾತು, ಯಾಕೆಂದರೆ ನಮಗೆ ಕಾಯುವುದು ಅಂದರೆ ಮೂಲದಲ್ಲಿ ಕಣ್ಣಿಟ್ಟು ನೋಡುತ್ತಾ ಇರುವುದು. ಕಾವಲು ಬಂದಿದ್ದು ಅಲ್ಲಿಂದಲೇ, ಕಾಪಾಡು ಕೂಡ. ನಿಮ್ಮ ಕಡೆಯವರು ಇನ್ನೂ ಚೆನ್ನಾಗಿ 'ಹಾದಿ ನೋಡೂದು' ಅಂತಾರೆ. ಕಣ್ಣು ಹಾದಿ ಮೇಲೆ.

ಮಜಾ ಏನು ಅಂದರೆ ಇಂಗ್ಲಿಷಿನ 'ವೇಟ್' ಕೂಡ ಮೊದಲು ಇದೇ ಆಗಿತ್ತು. ಅದು ಉತ್ತರ ಫ್ರಾನ್ಸಿನ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ಅಲ್ಲಿ ಅದಕ್ಕೆ ಅರ್ಥ ಕಾವಲಿರು, ಹೊಂಚು ಹಾಕು. 'ವಾಚ್', 'ವೇಕ್' ಎಲ್ಲ ಅದರ ನೆಂಟರು. ಎಚ್ಚರ ಇದ್ದವನು ಕಾವಲು ಕಾಯುತ್ತಾನೆ, ಕಾವಲು ಕಾಯುವವನು ಯಾರೋ ಬರುತ್ತಾರೆ ಅಂತ ನೋಡುತ್ತಾ ಇರುತ್ತಾನೆ, ಹಾಗೇ ನೋಡುತ್ತಾ ನೋಡುತ್ತಾ ಆ ಪದದ ಅರ್ಥ ನಿಧಾನವಾಗಿ 'ಬರಲಿ ಅಂತ ಸುಮ್ನೆ ಇರುವುದು' ಎಂದಾಯಿತು. ಕಾವಲು ಹೋಯಿತು, ಕಾಯುವುದು ಮಾತ್ರ ಉಳಿಯಿತು. ನಮ್ಮಲ್ಲಿ ಎರಡೂ ಉಳಿದವು.

ಕಾವಲು ಬಿಟ್ಟುಹೋದ ಮೇಲೆ 'ವೇಟ್'ಗೆ ಎದುರಿಗಿರುವವರನ್ನು ಹಿಡಿದುಕೊಳ್ಳುವ ಶಕ್ತಿ ಕಮ್ಮಿಯಾಯಿತು, ಅದಕ್ಕೇ ನಡುವೆ 'ಫಾರ್' ಅನ್ನುವ ಕೊಂಡಿ. 'ಐ ಆಮ್ ವೇಟಿಂಗ್ ಫಾರ್ ಯು'. ಒಂದೆರಡು ಕಡೆ ಹಳೆಯ ರೂಢಿ ಇನ್ನೂ ಇದೆ. 'ವೇಟ್ ಯುವರ್ ಟರ್ನ್' ಅನ್ನುವಾಗ 'ಫಾರ್' ಇಲ್ಲದಿದ್ದರೂ ಅದು ಪಕ್ಕಾ ಸರಿ. ಇನ್ನು 'ಅವೇಟ್' ಅಂತ ಅದರ ಅಣ್ಣ ಒಬ್ಬನಿದ್ದಾನೆ, ಕೋಟು ಹಾಕಿಕೊಂಡು ಆಫೀಸಿಗೆ ಹೋಗುವವನು. ಅವನಿಗೆ ಕೊಂಡಿ ಬೇಡ. 'ಅವೇಟಿಂಗ್ ಯುವರ್ ರಿಪ್ಲೈ' ಅಂದರೆ ಸಾಕು. ನಮ್ಮ ಅರ್ಜಿಗಳಲ್ಲಿ 'ಅವೇಟಿಂಗ್ ಫಾರ್ ಯುವರ್ ರಿಪ್ಲೈ' ಅಂತ ಕಾಣುವುದೇ ಜಾಸ್ತಿ. ಅಲ್ಲಿ 'ಫಾರ್' ಹೊಡೆದುಹಾಕಿ.

ಎರಡನೇ ಕಡೆ ಅಂದರೆ 'ಬೆಳಗ್ಗೆಯಿಂದ ಕಾಯ್ತಾ ಇದ್ದೀನಿ'. ಬೆಳಗ್ಗೆ ಶುರುವಾಗಿ ಈಗಲೂ ನಡೆಯುತ್ತಿದೆ, ಹಾಗಾಗಿ ನಾವು ವರ್ತಮಾನ ಕಾಲ ಬಳಸುತ್ತೇವೆ. ನ್ಯಾಯವಾಗಿಯೇ ಇದೆ. ಇಂಗ್ಲಿಷ್ ಮಾತ್ರ ಹಿಂದಿನದನ್ನೂ ಈಗಿನದನ್ನೂ ಗಂಟು ಹಾಕಿ 'ಐ ಹ್ಯಾವ್ ಬೀನ್ ವೇಟಿಂಗ್' ಅನ್ನುತ್ತದೆ. ಶುರುವಾದ ಹೊತ್ತು ಹೇಳುವಾಗ 'ಸಿನ್ಸ್', ಕಳೆದ ಹೊತ್ತು ಅಳೆದು ಹೇಳುವಾಗ 'ಫಾರ್'. ಒಂಬತ್ತು ಗಂಟೆಯಿಂದ ಅಂದರೆ 'ಸಿನ್ಸ್ ನೈನ್', ಮೂರು ಗಂಟೆ ಹೊತ್ತು ಅಂದರೆ 'ಫಾರ್ ತ್ರೀ ಅವರ್ಸ್'. ನಿಮ್ಮ ಮೆಸೇಜ್ ಹೀಗಿರಬೇಕಿತ್ತು: 'ಸರ್, ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಯು ಸಿನ್ಸ್ ನೈನ್'. ಆದರೆ ಮೂರು ಗಂಟೆ ತಡವಾಗಿ ಬಂದವರು ವ್ಯಾಕರಣ ತಿದ್ದಿ ನಗುವುದಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವಳು, ಈಗ ಗ್ಲಾಸ್ಗೋದಲ್ಲಿ ಇದ್ದೇನೆ. ಶಾಲೆಯಲ್ಲಿ ಮಿಸ್ ನಮಗೆ 'ವೇರ್ ಡು ಯು ಸ್ಟೇ ಅಂತ ಕೇಳಬಾರದು, ಅದು ಇಂಡಿಯನ್ ಇಂಗ್ಲಿಷ್, ವೇರ್ ಡು ಯು ಲಿವ್ ಅನ್ನಬೇಕು' ಅಂತ ಬೈದು ಬೈದು ಕಲಿಸಿದರು. ಇಲ್ಲಿಗೆ ಬಂದ ಮೊದಲನೇ ವಾರವೇ ಪಕ್ಕದ ಮನೆಯ ಅಜ್ಜಿ ಕೇಳಿದ್ದು 'ವೇರ್ ಡಿಡ್ ಯು ಸ್ಟೇ ಬಿಫೋರ್, ಹೆನ್?' ಅಂತ! ಮಿಸ್ ಸರಿಯೋ, ಅಜ್ಜಿ ಸರಿಯೋ?
— ಗ್ಲಾಸ್ಗೋ

ಉತ್ತರ: ಇಬ್ಬರೂ ಸರಿ, ಅಮ್ಮಾ, ಆದರೆ ಅಜ್ಜಿ ಸ್ವಲ್ಪ ಜಾಸ್ತಿ ಸರಿ. ಸ್ಕಾಟ್ಲೆಂಡಿನಲ್ಲಿ 'ಸ್ಟೇ' ಅಂದರೆ ವಾಸ ಮಾಡು ಅಂತಲೇ. ದಕ್ಷಿಣ ಆಫ್ರಿಕಾದಲ್ಲೂ ಹಾಗೇ ಅನ್ನುತ್ತಾರೆ. ನಮ್ಮ ದೇಶದ ತುಂಬ ಅನ್ನುತ್ತಾರೆ. ಇಷ್ಟು ಜನ ಒಂದೇ ತಪ್ಪು ಮಾಡುತ್ತಿದ್ದರೆ ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮಿಸ್ ಹೇಳಿದ್ದು ಇಂಗ್ಲೆಂಡಿನ, ಪರೀಕ್ಷೆಗಳ ಲೆಕ್ಕ. ಅಲ್ಲಿ 'ಲಿವ್' ಅಂದರೆ ನೆಲೆ, ಪಾತ್ರೆ ಪಗಡ, ಗ್ಯಾಸ್ ಕನೆಕ್ಷನ್ ಎಲ್ಲ ಇರುವ ಜಾಗ. 'ಸ್ಟೇ' ಅಂದರೆ ಒಂದು ಬ್ಯಾಗಿನ ಜೊತೆ ಹೋಗಿ ತಂಗುವುದು. ಸಕಲೇಶಪುರದ ಹೋಂಸ್ಟೇಯಲ್ಲಿ ಎರಡು ದಿನ 'ಸ್ಟೇ' ಮಾಡುತ್ತೀರಿ, ಅದರ ಮಾಲೀಕರು ಅಲ್ಲೇ 'ಲಿವ್' ಮಾಡುತ್ತಾರೆ. ಲಂಡನ್ನಿನವರು ಯಾರಾದರೂ 'ವೇರ್ ಆರ್ ಯು ಸ್ಟೇಯಿಂಗ್?' ಅಂತ ಕೇಳಿದರೆ ಯಾವ ಹೋಟೆಲು ಅಂತ ಕೇಳುತ್ತಿದ್ದಾರೆ ಎಂದು ತಿಳಿಯಿರಿ. ಅದೇ ಬೆಂಗಳೂರಿನ ಆಟೋದಲ್ಲಿ ಪಕ್ಕದವರು ಕೇಳಿದರೆ ರಾಜಾಜಿನಗರವೋ ಜಯನಗರವೋ ಅಂತ ಅರ್ಥ. ನಮ್ಮಲ್ಲಿ 'ವೇರ್ ಆರ್ ಯು ಪುಟ್ ಅಪ್?' ಅಂತಲೂ ಕೇಳುತ್ತಾರೆ. ಇದು ಮಾತ್ರ ಹೊರಗಡೆ ತುಂಬಾ ಜನಕ್ಕೆ ತಲೆ ಕೆರೆದುಕೊಳ್ಳುವ ಹಾಗೆ ಮಾಡುತ್ತದೆ. 'ಸ್ಟೇ ಬ್ಯಾಕ್' ಕೂಡ ನಮಗೆ ತುಂಬಾ ಪ್ರೀತಿ. ಆಫೀಸು ಮುಗಿದ ಮೇಲೂ ಉಳಿದುಕೊಂಡೆ ಅನ್ನಲು 'ಐ ಸ್ಟೇಡ್ ಬ್ಯಾಕ್' ಅನ್ನುತ್ತೇವೆ, ಇಂಗ್ಲೆಂಡಿನವರಾದರೆ 'ಸ್ಟೇಡ್ ಆನ್' ಅಥವಾ 'ಸ್ಟೇಡ್ ಬಿಹೈಂಡ್' ಅಂದಾರು.

ಇನ್ನೊಂದು ಮಾತು. 'ಸ್ಟೇ'ಯ ಬೇರು ಹುಡುಕುತ್ತಾ ಹೋದರೆ ಲ್ಯಾಟಿನ್ನಿನ 'ಸ್ತಾರೆ' ಸಿಗುತ್ತದೆ. ನಿಲ್ಲು ಅಂತ ಅರ್ಥ. ಅದರ ಬಳಗ ಸಂಸ್ಕೃತದಲ್ಲಿ 'ಸ್ಥಾ'. ನಮ್ಮ ಸ್ಥಾನ, ಸ್ಥಿರ, ಸಂಸ್ಥೆ ಅಲ್ಲಿಂದ ಬಂದವು. ಆ ಕಡೆ ಸ್ಟೇಷನ್, ಸ್ಟೇಟ್, ಸ್ಟ್ಯಾಂಡ್. ಅಜ್ಜಿ ನಿಮ್ಮನ್ನು ಕೇಳಿದ್ದು ಒಂದು ಲೆಕ್ಕದಲ್ಲಿ 'ನಿನ್ನ ಸ್ಥಾನ ಯಾವುದಮ್ಮಾ' ಅಂತ. ಆ 'ಹೆನ್' ಇದೆಯಲ್ಲ, ಅದು ಕೋಳಿ ಅಂತ ಬೈದಿದ್ದಲ್ಲ. ಅಲ್ಲಿ ಅದು 'ಮಗಳೇ' ಅನ್ನುವ ಹಾಗೆ.

ಪ್ರಶ್ನೆ: ನಮ್ಮ ಜಮೀನಿನ ಕೇಸಿಗೆ ಎದುರಿನವರು ಸ್ಟೇ ತಂದಿದ್ದಾರೆ. ಹೋಟೆಲಿನ ಸ್ಟೇಗೂ ಕೋರ್ಟಿನ ಸ್ಟೇಗೂ ಏನಾದರೂ ಸಂಬಂಧ ಇದೆಯಾ, ಸುಮ್ನೆ ಕುತೂಹಲ.
— ಚಿಂತಾಮಣಿ

ಉತ್ತರ: ಇದೆ, ಎರಡೂ ಒಂದೇ ಪದ. ನಿಲ್ಲು ಅನ್ನುವುದನ್ನು ನಾನೇ ಮಾಡಿದರೆ ತಂಗುವುದು, ಇನ್ನೊಬ್ಬರ ಕೈಲಿ ಮಾಡಿಸಿದರೆ ತಡೆಯುವುದು. ಕನ್ನಡದ ಪತ್ರಿಕೆಗಳು ಅದನ್ನು ತಡೆಯಾಜ್ಞೆ ಅಂತ ಬರೆಯುತ್ತವೆ, ಕೋರ್ಟಿನ ಆವರಣದಲ್ಲಿ ಕಾಫಿ ಕುಡಿಯುವವರು ಸ್ಟೇ ಅಂತಲೇ ಅನ್ನುತ್ತಾರೆ. ತೆಗೆಸುವುದಕ್ಕೆ ಇಂಗ್ಲಿಷಿನಲ್ಲಿ 'ವೆಕೇಟ್', ನಮ್ಮಲ್ಲೂ ತೆರವು. ಮನೆ ಖಾಲಿ ಮಾಡಿಸಲು ಬಳಸುವ ಪದವೇ ಇಲ್ಲೂ, ನೋಡಿ!

ಈ ಸ್ಟೇ ಎಷ್ಟು ದಿನ 'ಸ್ಟೇ' ಆಗಬೇಕು ಅನ್ನುವುದೇ ದೊಡ್ಡ ವ್ಯಾಜ್ಯವಾಗಿತ್ತು. ಸಿವಿಲ್, ಕ್ರಿಮಿನಲ್ ವಿಚಾರಣೆಗಳಿಗೆ ಕೊಟ್ಟ ತಡೆ, ಮತ್ತೆ ಮುಂದುವರಿಸದಿದ್ದರೆ ಆರು ತಿಂಗಳಿಗೆ ತಾನಾಗಿಯೇ ಮುಗಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಹಾಗೆ ತಾನಾಗಿ ಮುಗಿಯುವುದಿಲ್ಲ ಎಂದಿತು. ನಿಮ್ಮ ಕೇಸಿಗೆ ಇದು ಹೇಗೆ ತಾಗುತ್ತದೆ ಅನ್ನುವುದನ್ನು ವಕೀಲರನ್ನೇ ಕೇಳಿ, ನನ್ನನ್ನು ನಂಬಿ ಜಮೀನು ಕಳೆದುಕೊಳ್ಳಬೇಡಿ.

ಪ್ರಶ್ನೆ: ಸರ್, ನಾನು ಬಿ.ಎ. ಓದುತ್ತಿದ್ದೇನೆ. 'ಸ್ಟೇ' ಮತ್ತು 'ರಿಮೇನ್' ಎರಡಕ್ಕೂ ಡಿಕ್ಷನರಿಯಲ್ಲಿ 'ಉಳಿ, ಇರು' ಅಂತಲೇ ಇದೆ. ಯಾವುದನ್ನು ಯಾವಾಗ ಹಾಕಬೇಕು? ನಮ್ಮ ಲೆಕ್ಚರರು 'ಎರಡೂ ಒಂದೇ, ಬರಿ' ಅಂದರು.
— ವಿಜಯಪುರ

ಉತ್ತರ: ತುಂಬಾ ಕಡೆ ಒಂದೇ ಹೌದು. ಆದರೆ ಎಲ್ಲ ಕಡೆ ಅಲ್ಲ.

ಒಂದು ಮದುವೆ ಮನೆ ನೆನೆಸಿಕೊಳ್ಳಿ. ಧಾರೆ ಆಯಿತು, ಊಟ ಆಯಿತು, ಬೀಗರ ಬಸ್ಸು ಹೊರಟಿತು. ಸಾಯಂಕಾಲ ಐದು ಗಂಟೆ. ಚಪ್ಪರದ ತೋರಣ ಬಾಡಿದೆ, ಅಡುಗೆಯವರು ಕೊಪ್ಪರಿಗೆ ಉಜ್ಜುತ್ತಿದ್ದಾರೆ, ಅರ್ಧ ಬಕೆಟ್ ಸಾರು, ಒಂದು ಪರಾತ ಲಾಡು ಮಿಕ್ಕಿದೆ, ಮೂಲೆಯಲ್ಲಿ ಚಾಪೆ ಹಾಸಿಕೊಂಡು ಇಬ್ಬರು ಮಾವಂದಿರು ಇಸ್ಪೀಟು ಆಡುತ್ತಿದ್ದಾರೆ. ಈಗ 'ಟೂ ಅಂಕಲ್ಸ್ ಸ್ಟೇಡ್' ಅಂದರೆ, ಮಾವಂದಿರು ಹೋಗಬಹುದಿತ್ತು, ಇರೋಣ ಅಂತ ಮನಸ್ಸು ಮಾಡಿದರು. 'ಓನ್ಲಿ ಟೂ ಅಂಕಲ್ಸ್ ರಿಮೇನ್ಡ್' ಅಂದರೆ, ನೀವು ತಲೆ ಎಣಿಸುತ್ತಿದ್ದೀರಿ. ಎಲ್ಲರನ್ನೂ ಕಳೆದ ಮೇಲೆ ಮಿಕ್ಕಿದ್ದು ಇವರಿಬ್ಬರು. ಲಾಡು 'ರಿಮೇನ್' ಆಗುತ್ತದೆ, 'ಸ್ಟೇ' ಆಗುವುದಿಲ್ಲ. ಲಾಡಿಗೆ ಮನಸ್ಸಿಲ್ಲವಲ್ಲ.

ಮೇಲೆ ಹಾವೇರಿಯವರಿಗೆ ಕಣ್ಣಿನ ಮಾತು ಹೇಳಿದೆ ನೋಡಿ, ಅದನ್ನೇ ಇಲ್ಲೂ ಹಿಡಿಯಿರಿ. 'ವೇಟ್' ಅನ್ನುವಾಗ ಕಣ್ಣು ಬರಬೇಕಾದ್ದರ ಮೇಲೆ. 'ಸ್ಟೇ' ಅನ್ನುವಾಗ ಬಾಗಿಲ ಮೇಲೆ: ದಾಟಬಹುದಿತ್ತು, ದಾಟಲಿಲ್ಲ. 'ರಿಮೇನ್' ಅನ್ನುವಾಗ ಹೋಗಿಬಿಟ್ಟದ್ದರ ಮೇಲೆ. ನಾನು ಮೂವತ್ತು ವರ್ಷ ಪಾಠ ಮಾಡಿದ್ದು ಈ ಒಂದು ಉಪಾಯದಿಂದಲೇ.

ನಮ್ಮ 'ಉಳಿ' ಈ ಎಲ್ಲ ಕೆಲಸ ಒಬ್ಬನೇ ಮಾಡುತ್ತಾನೆ, ಅದಕ್ಕೇ ಗೊಂದಲ. ಮಳೆ ಬಂತು ಅಂತ ಅಕ್ಕನ ಮನೆಯಲ್ಲಿ ಉಳಿದೆ, ಅದು 'ಸ್ಟೇ'. ಐದು ರೂಪಾಯಿ ಉಳಿಯಿತು, ಅದು 'ರಿಮೇನ್', ಮಾತಿನಲ್ಲಾದರೆ 'ಫೈವ್ ರುಪೀಸ್ ಲೆಫ್ಟ್'. ಅಪಘಾತದಲ್ಲಿ ಒಬ್ಬನೇ ಉಳಿದ, ಅದು 'ಸರ್ವೈವ್'. ಕೊನೆಗೆ ಉಳಿತಾಯ ಖಾತೆಯಲ್ಲಿ ಅವನೇ 'ಸೇವಿಂಗ್ಸ್' ಆಗಿ ಕೂತಿದ್ದಾನೆ. ಎಷ್ಟು ದುಡಿಯುವ ಪದ!

'ರಿಮೇನ್' ಸ್ವಲ್ಪ ಬಿಗಿಯಾದ ಪದ ಕೂಡ. ಕಾಗದ ಪತ್ರಗಳಿಗೆ, ಸೂಚನೆಗಳಿಗೆ ಹೊಂದುತ್ತದೆ. ವಿಮಾನದಲ್ಲಿ 'ರಿಮೇನ್ ಸೀಟೆಡ್' ಅನ್ನುತ್ತಾರೆ, ಅಮ್ಮ ಮಗುವಿಗೆ ಹಾಗನ್ನುವುದಿಲ್ಲ, 'ಸಿಟ್ ಸ್ಟಿಲ್' ಅನ್ನುತ್ತಾಳೆ. ಅಮೆರಿಕದ ಪೊಲೀಸರು ಹಿಡಿದವರಿಗೆ ಹೇಳುವ 'ರೈಟ್ ಟು ರಿಮೇನ್ ಸೈಲೆಂಟ್' ಅನ್ನು ನೀವು ಸಿನಿಮಾಗಳಲ್ಲಿ ಕೇಳಿರುತ್ತೀರಿ. ಅದು ಅಲ್ಲಿನ ಸುಪ್ರೀಂ ಕೋರ್ಟಿನ 1966ರ ಮಿರಾಂಡಾ ತೀರ್ಪಿನಿಂದ ಬಂದ ಮಾತು. ನಮ್ಮ ಸಂವಿಧಾನದ 20(3)ನೇ ವಿಧಿಯೂ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದು ಅನ್ನುತ್ತದೆ, ಆದರೆ ಆ ನಾಲ್ಕು ಪದ ಅಲ್ಲಿಲ್ಲ.

ಬ್ರಿಟನ್ನಿನವರು 2016ರ ಜೂನ್ 23ರಂದು ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ವೋಟು ಹಾಕಿದಾಗ ಚೀಟಿಯಲ್ಲಿದ್ದ ಎರಡು ಪದ 'ರಿಮೇನ್' ಮತ್ತು 'ಲೀವ್'. ಮೊದಲು ಸರ್ಕಾರ ಇಟ್ಟಿದ್ದ ಪ್ರಶ್ನೆ 'ರಿಮೇನ್ ಆಗಬೇಕೇ?' ಅಂತ ಮಾತ್ರ, ಉತ್ತರ ಹೌದು ಅಥವಾ ಇಲ್ಲ. ಚುನಾವಣಾ ಆಯೋಗ ಅದು ಒಂದು ಕಡೆಗೆ ವಾಲಿದ ಹಾಗಿದೆ, 'ಲೀವ್' ಕೂಡ ಪ್ರಶ್ನೆಯಲ್ಲಿ ಇರಲಿ ಎಂದು 2015ರಲ್ಲಿ ಹೇಳಿತು. ಶೇಕಡ 51.9 ಜನ 'ಲೀವ್' ಅಂದರು, 48.1 ಜನ 'ರಿಮೇನ್' ಅಂದರು. ಸೋತವರಿಗೆ 'ರಿಮೇನರ್ಸ್' ಅನ್ನುವ ಹೆಸರು ಅಂಟಿಕೊಂಡಿತು. ನನಗೆ ಅನ್ನಿಸುವುದು, 'ಸ್ಟೇ' ಅಂದಿದ್ದರೆ ಆ ಪಕ್ಷದ ಮಾತಿಗೆ ಸ್ವಲ್ಪ ಬೆಚ್ಚಗಿನ ದನಿ ಇರುತ್ತಿತ್ತು. 'ಹೋಗಬೇಡ, ಇರು' ಅನ್ನುವುದರಲ್ಲಿ ಒಂದು ಪ್ರೀತಿ ಇದೆಯಲ್ಲ. 'ರಿಮೇನ್' ಕೇಳಿದರೆ ಮಿಕ್ಕಿದ ಸಾರಿನ ನೆನಪಾಗುತ್ತದೆ.

ಒಂದು ಎಚ್ಚರಿಕೆ. 'ರಿಮೇನ್ಸ್' ಅಂತ ನಾಮಪದ ಮಾಡಿದರೆ ಅದಕ್ಕೆ ಪಾರ್ಥಿವ ಶರೀರ ಅನ್ನುವ ಅರ್ಥವೂ ಇದೆ. ಹಂಪಿಯ ಅವಶೇಷಗಳಿಗೂ ಆಗುತ್ತದೆ. 'ಯುವರ್ ಫಾದರ್ಸ್ ರಿಮೇನ್ಸ್ ಆರ್ ಇನ್ ದ ಫ್ರಿಜ್' ಅಂತ ಅಪ್ಪನ ಊಟದ ಡಬ್ಬಿ ಬಗ್ಗೆ ಬರೆದರೆ ಏನಾಗುತ್ತೆ ಯೋಚನೆ ಮಾಡಿ. 'ಲೆಫ್ಟ್‌ಓವರ್ಸ್' ಅನ್ನಿ.

ಪ್ರಶ್ನೆ: ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ನನ್ನದು. ಯೋಗ ಕಲಿಯಲು ಬಂದ ಒಬ್ಬ ವಿದೇಶಿ ಹೆಂಗಸಿಗೆ 'ಮೇಡಂ, ವೇಟ್' ಅಂದೆ. ಅವರ ಮುಖ ಕೆಂಪಾಯಿತು. ನಾನು ಜೋರು ಮಾಡಲಿಲ್ಲ ಸರ್, ನಗುತ್ತಲೇ ಹೇಳಿದೆ.
— ಮೈಸೂರು

ಉತ್ತರ: ನೀವು ಮನಸ್ಸಿನಲ್ಲಿ ಹೇಳಿದ್ದು 'ಇರಿ ಮೇಡಂ'. ಆ 'ಇರಿ'ಯ ಕೊನೆಯ 'ರಿ' ಒಳಗೇ ಮರ್ಯಾದೆ ಕೂತಿದೆ. 'ಇರು' ಅಂದರೆ ಬೇರೆ, 'ಇರಿ' ಅಂದರೆ ಬೇರೆ. ಧಾರವಾಡದವರು 'ತಡೀರಿ' ಅಂದರೂ, 'ನಿಂದ್ರ್ರಿ' ಅಂದರೂ, ನಿಮ್ಮ ಕಡೆಯವರು 'ಸ್ವಲ್ಪ ತಾಳಿ' ಅಂದರೂ, ಮಂಗಳೂರಿನಲ್ಲಿ ತುಳುವಿನಲ್ಲಿ 'ಉಂತುಲೆ' ಅಂದರೂ ಮರ್ಯಾದೆ ಪದದ ಜೊತೆಗೇ ಬರುತ್ತದೆ. ಇಂಗ್ಲಿಷಿನ 'ವೇಟ್'ಗೆ ಅಂಥ ಬಾಲ ಇಲ್ಲ. ನಾಯಿಗೂ ಅದೇ, ಮೇಡಂಗೂ ಅದೇ. ಅವರು ಮರ್ಯಾದೆಯನ್ನು ಪದದ ಮುಂದೆ, ಹಿಂದೆ ಇನ್ನಷ್ಟು ಪದ ಜೋಡಿಸಿ ತೋರಿಸುತ್ತಾರೆ. 'ಕುಡ್ ಯು ವೇಟ್ ಎ ಮಿನಿಟ್, ಪ್ಲೀಸ್?' ಇಷ್ಟುದ್ದ ಬೇಡ ಅಂದರೆ 'ಜಸ್ಟ್ ಎ ಮೊಮೆಂಟ್' ಸಾಕು. ಫೋನಿನಲ್ಲಿ ಗುರುತಿನವರಿಗೆ 'ಹ್ಯಾಂಗ್ ಆನ್', ಗುರುತಿಲ್ಲದವರಿಗೆ 'ಹೋಲ್ಡ್ ಆನ್, ಪ್ಲೀಸ್'. ನಾವು ಅನ್ನುವ 'ಒನ್ ಮಿನಿಟ್' ಕೂಡ ನಡೆಯುತ್ತೆ, ನಗು ಜೊತೆಗಿರಲಿ. ಆದರೆ ಅವರು ಗಡಿಯಾರ ನೋಡುತ್ತಾರೆ, ನಮ್ಮ ಒಂದು ನಿಮಿಷ ಎಷ್ಟುದ್ದ ಅಂತ ನಿಮಗೇ ಗೊತ್ತು.

ಪ್ರಶ್ನೆ: ಹೋಟೆಲಿನಲ್ಲಿ ಕಾಯುವವರು ನಾವು, ವೇಟರ್ ಅನ್ನುವುದು ಅವರನ್ನು. ಇದು ಯಾವ ನ್ಯಾಯ?
— ಉಡುಪಿ

ಉತ್ತರ: ಅವರದು 'ವೇಟ್ ಆನ್', ಅಂದರೆ ಬೇಕು ಬೇಡ ನೋಡಿಕೊಳ್ಳುವುದು. ಮತ್ತೆ ಅದೇ ಕಣ್ಣಿಡುವ ಕೆಲಸ. ಅಮೆರಿಕದಲ್ಲಿ ಕೆಲವರು ಬರೀ ಕಾಯುವುದಕ್ಕೂ 'ವೇಟಿಂಗ್ ಆನ್' ಅನ್ನುತ್ತಾರೆ. ಇಂಗ್ಲೆಂಡಿನ ಊರುಗಳಲ್ಲಿ ಹಿಂದೆ 'ವೇಟ್ಸ್' ಅಂತ ಒಂದು ತಂಡ ಇರುತ್ತಿತ್ತು. ರಾತ್ರಿ ಕಾವಲು ತಿರುಗುತ್ತಾ ವಾದ್ಯ ಊದುವವರು. ಕಾವಲು ಹೋಗಿ ಊದುವುದು ಮಾತ್ರ ಉಳಿದು ಅವರು ಊರಿನ ವಾದ್ಯದವರಾದರು, 1835ರ ಪುರಸಭೆ ಕಾಯ್ದೆ ಬಂದ ಮೇಲೆ ಆ ನೌಕರಿಯೂ ಹೋಯಿತು. ನಮಗೇನು, ನಮ್ಮಲ್ಲಿ ಸಪ್ಲೈಯರ್ ಇದ್ದಾನೆ, ನಿಮ್ಮ ಕಡೆ ಮಾಣಿ. ಮಾಣಿ ಅನ್ನುವುದರಲ್ಲಿ ಕಾಯುವುದೂ ಇಲ್ಲ, ಕಾಯಿಸುವುದೂ ಇಲ್ಲ.

ಪ್ರಶ್ನೆ: 'ಲಿಂಗರ್', 'ಡ್ವೆಲ್', 'ಅಬೈಡ್' ಇವಕ್ಕೆಲ್ಲ ಕನ್ನಡದಲ್ಲಿ ಒಂದೊಂದು ಪದ ಹೇಳಿ.
— ಶಿರಸಿ

ಉತ್ತರ: ಒಂದೊಂದೇ ಪದ ಸಿಕ್ಕಿದ್ದರೆ ನನಗೆ ಈ ಅಂಕಣವೇ ಇರುತ್ತಿರಲಿಲ್ಲ. 'ಲಿಂಗರ್' ನಿಮ್ಮ ಮನೆಯಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ನೆಂಟರು 'ಬರ್ತೀವಿ' ಅಂತ ಎದ್ದು ನಿಲ್ಲುತ್ತಾರೆ, ಕುಂಕುಮ ಆಗುತ್ತದೆ, ಮೆಟ್ಟಿಲಿಳಿದು ಚಪ್ಪಲಿ ಹಾಕುತ್ತಾರೆ, ಗೇಟಿಗೆ ಕೈಯಿಟ್ಟು ಅಲ್ಲೇ ಹೊಸ ಸುದ್ದಿ ಶುರು ಮಾಡುತ್ತಾರೆ. ಆ ಅರ್ಧ ಗಂಟೆ 'ಲಿಂಗರ್'. ಹೊರಟಿದ್ದಾರೆ, ಹೋಗಿಲ್ಲ. 'ಲಾಂಗ್' ಅನ್ನುವ ಪದದ ಮನೆತನದ್ದೇ ಇದು, ಉದ್ದ ಮಾಡುವುದು.

'ಡ್ವೆಲ್' ಹಳೆಯ ಇಂಗ್ಲಿಷಿನಲ್ಲಿ ದಾರಿ ತಪ್ಪಿಸು ಅಂತಿತ್ತು, ಆಮೇಲೆ ತಡ ಮಾಡು, ಆಮೇಲೆ ಉಳಿ, ಆಮೇಲೆ ವಾಸ ಮಾಡು. ದಾರಿ ತಪ್ಪಿದವನು ಕೊನೆಗೆ ಅಲ್ಲೇ ಮನೆ ಕಟ್ಟಿದ ಹಾಗೆ. ಈಗ ಅದು ಜಾಸ್ತಿ ಕಾಣುವುದು 'ಡ್ವೆಲ್ ಆನ್' ಆಗಿ. ಆಗಿಹೋದದ್ದನ್ನೇ ಮೆಲುಕು ಹಾಕುವುದು. 'ಅಬೈಡ್' ಅಂದರೂ ಇರು, ಉಳಿ ಅಂತಲೇ, ಆದರೆ ಮಾತಿನಲ್ಲಿ ಹೆಚ್ಚು ಉಳಿದಿಲ್ಲ, ಕಾನೂನು ಪಾಲಿಸುವವರಿಗೆ 'ಲಾ ಅಬೈಡಿಂಗ್' ಅಂದಾಗ ಮುಖ ತೋರಿಸುತ್ತದೆ. ನೀವು ಬರೆಯದಿದ್ದರೂ ನಷ್ಟವಿಲ್ಲ.

ಪ್ರಶ್ನೆ: ಟೈಲರ್ ಅಂಗಡಿ ನಮ್ಮದು. ಬ್ಲೌಸ್ ಆಗಿದೆಯಾ ಅಂತ ಗ್ರಾಹಕರೊಬ್ಬರು ಕೇಳಿದ್ದಕ್ಕೆ 'ಪ್ಲೀಸ್ ವೇಟ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದೆ. ಅವರು '72 ಕೆಜಿ, ಅಳತೆ ಆವತ್ತೇ ಕೊಟ್ಟಿದ್ದೆನಲ್ಲ' ಅಂತ ಸಿಟ್ಟಿನಲ್ಲಿ ಬರೆದಿದ್ದಾರೆ. ಯಾಕಿರಬಹುದು?
— ತಿಪಟೂರು

ಉತ್ತರ: ಟೈಪ್ ಮಾಡುವಾಗ ಎ ಬದಲು ಇ ಹಾಕಿ, ನಡುವೆ ಜಿ ಮತ್ತು ಎಚ್ ಸೇರಿಸಿದ್ದೀರಿ. ಉಚ್ಚಾರ ಎರಡಕ್ಕೂ ಒಂದೇ, ಆದರೆ ನೀವು ಬರೆದದ್ದು ತೂಕ. ಡಬ್ಲ್ಯು, ಎ, ಐ, ಟಿ ಇಷ್ಟೇ ಅಕ್ಷರ ಸಾಕು. ಗ್ರಾಹಕರು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ, ನೀವು ಬ್ಲೌಸ್ ಕೊಟ್ಟುಬಿಡಿ.